ಬಾಟಲಿ ಮೂತ್ರ ಸುರಿದರೆ ಗಂಡು ಜಿಂಕೆ ಓಡಿ ಬರುತ್ತದೆಯೇ?

ಅಮೆರಿಕದ ಬೇಟೆಗಾರನೊಬ್ಬ ಮರದಡಿ ತರಗೆಲೆ ಸರಿಸಿ, ಮಣ್ಣು ಕೆದರಿ, ಬಾಟಲಿಯಿಂದ ಜಿಂಕೆ ಮೂತ್ರ ಸುರಿಯುತ್ತಾನೆ. ಮುಂದಿನ ದೃಶ್ಯದಲ್ಲಿ ದೊಡ್ಡ ಕೊಂಬಿನ ಜಿಂಕೆ ಅಲ್ಲೇ ನಿಂತಿರುತ್ತದೆ. ಇಂಥ ವಿಡಿಯೊ ನೋಡಿದರೆ ಮೂತ್ರದ ವಾಸನೆಗೆ ಜಿಂಕೆ ಎಲ್ಲಿದ್ದರೂ ಬರುತ್ತದೆ ಅನಿಸುವುದು ಸಹಜ. ಆದರೆ ಇದು ಅರ್ಧ ಸತ್ಯ.

ವಿಡಿಯೊದಲ್ಲಿರುವುದು ಬಿಳಿಬಾಲದ ಜಿಂಕೆ. ಬೆದೆಗಾಲ ಹತ್ತಿರವಾದಾಗ, ಅಲ್ಲಿನ ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಕೊನೆಯ ಹೊತ್ತಿಗೆ, ಗಂಡು ಮುಂಗಾಲಿನಿಂದ ನೆಲ ಕೆದರುತ್ತದೆ. ಹಿಂಗಾಲುಗಳನ್ನು ಒಂದಕ್ಕೊಂದು ಉಜ್ಜುತ್ತಾ, ಅಲ್ಲಿನ ಗ್ರಂಥಿಗಳ ಮೇಲೆ ಹರಿಯುವಂತೆ ಮೂತ್ರ ಮಾಡುತ್ತದೆ. ಇದಕ್ಕೆ 'ಸ್ಕ್ರೇಪ್' ಎಂದು ಹೆಸರು. ಮನುಷ್ಯ ಮಾಡುವ ನಕಲಿಗೆ 'ಮಾಕ್ ಸ್ಕ್ರೇಪ್' ಎನ್ನುತ್ತಾರೆ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಎಂದರೆ ಮೇಲೆ ಬಾಗಿರುವ ರೆಂಬೆ. ನೆಲದಿಂದ ನಾಲ್ಕೈದು ಅಡಿ ಎತ್ತರದ ಆ ರೆಂಬೆಯನ್ನು ಜಿಂಕೆ ನೆಕ್ಕುತ್ತದೆ, ಕಚ್ಚುತ್ತದೆ, ಹಣೆ ಮತ್ತು ಕಣ್ಣಂಚಿನ ಗ್ರಂಥಿಗಳನ್ನು ಉಜ್ಜುತ್ತದೆ. ಒಂದೇ ಜಾಗಕ್ಕೆ ಹಲವು ಗಂಡುಗಳು ಬರುತ್ತವೆ, ಹೆಣ್ಣು ಜಿಂಕೆಗಳೂ ಮೂಸಿ ಹೋಗುತ್ತವೆ. ನಮ್ಮೂರಿನ ಅರಳಿಕಟ್ಟೆಯ ಹಾಗೆ, ಯಾರು ಬಂದರು ಯಾರು ಹೋದರು ಎಂಬ ಸುದ್ದಿ ಸಿಗುವ ತಾಣ ಅನ್ನಿ. ಹಾಗಾಗಿ ಜಿಂಕೆ ಮೊದಲೇ ಓಡಾಡುವ ದಾರಿಯಲ್ಲಿ ಸರಿಯಾದ ರೆಂಬೆ ಇದ್ದರೆ, ಅದಿಲ್ಲದಿದ್ದಲ್ಲಿ ಹಗ್ಗದ ತುಂಡು ತೂಗಿಬಿಟ್ಟರೂ, ನಕಲಿ ಸ್ಕ್ರೇಪ್ ಕೆಲಸ ಮಾಡಬಹುದು. ದೂರದ ಜಿಂಕೆಯನ್ನು ಎಳೆದು ತರುವ ಮಂತ್ರ ಅದಲ್ಲ. ಮೇಲಾಗಿ ಈ ಭೇಟಿಗಳಲ್ಲಿ ಬಹುಪಾಲು ನಡೆಯುವುದು ರಾತ್ರಿ. ಕ್ಯಾಮೆರಾಗೆ ಸಿಕ್ಕ ಜಿಂಕೆ ಹಗಲಿನ ಬೇಟೆಗಾರನಿಗೆ ಸಿಗಬೇಕೆಂದೇನಿಲ್ಲ.

ನಮಗೆ ಚಿಂತೆಯ ವಿಷಯ ಬೇರೆ ಇದೆ. 1967ರಲ್ಲಿ ಕೊಲೊರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಕಂಡ 'ಕ್ರಾನಿಕ್ ವೇಸ್ಟಿಂಗ್ ಡಿಸೀಸ್' ಈಗ ಅಮೆರಿಕದ ಅನೇಕ ರಾಜ್ಯಗಳಿಗೆ ಹರಡಿದೆ. ಮಿದುಳನ್ನು ಹಾಳುಮಾಡಿ ಪ್ರಾಣಿಯನ್ನು ಸೊರಗಿಸಿ ಕೊಲ್ಲುವ ಈ ರೋಗಕ್ಕೆ ಮದ್ದಿಲ್ಲ. ಕಾರಣ ಬ್ಯಾಕ್ಟೀರಿಯಾ ಅಥವಾ ವೈರಸ್ ಅಲ್ಲ, ಪ್ರಿಯಾನ್ ಎಂಬ ರೂಪಗೆಟ್ಟ ಪ್ರೋಟೀನ್. ಅದು ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ ಹೊರಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಾರುಕಟ್ಟೆಯ ಮೂತ್ರ ಬರುವುದು ಸಾಕಿದ ಜಿಂಕೆಗಳಿಂದ. ಒಂದು ಸೋಂಕಿತ ಬಾಟಲಿ ರೋಗವಿಲ್ಲದ ಕಾಡಿಗೂ ಪ್ರಿಯಾನ್ ಒಯ್ಯಬಲ್ಲದು ಎಂಬ ಭಯದಿಂದಲೇ ವರ್ಜೀನಿಯಾ 2015ರಲ್ಲಿ, ವರ್ಮಾಂಟ್ 2016ರಲ್ಲಿ ನಿಜವಾದ ಜಿಂಕೆ ಮೂತ್ರದ ಬಳಕೆಗೆ ನಿಷೇಧ ತಂದವು. ಕೃತಕ ವಾಸನೆಯಲ್ಲಿ ಈ ಅಪಾಯವಿಲ್ಲ.

ಮನುಷ್ಯರಿಗೆ ಇದು ತಗುಲಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ಸೋಂಕು ಪತ್ತೆಯಾದ ಜಿಂಕೆಯ ಮಾಂಸ ತಿನ್ನಬೇಡಿ ಎನ್ನುತ್ತದೆ ಅಮೆರಿಕದ ಸಿಡಿಸಿ. ಬೇಯಿಸಿದರೆ ಪ್ರಿಯಾನ್ ಸಾಯುವುದಿಲ್ಲ. ಅಲ್ಲಿರುವ ಕನ್ನಡಿಗರಿಗೆ ಸ್ನೇಹಿತರು ಬೇಟೆ ಮಾಂಸ ಕೊಟ್ಟರೆ, ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಇನ್ನು ಈ ವಿಡಿಯೊ ನೋಡಿ ನಮ್ಮ ಕಾಡಂಚಿನಲ್ಲಿ ಪ್ರಯೋಗಕ್ಕೆ ಇಳಿಯುವ ಉತ್ಸಾಹಿಗಳಿಗೆ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಆಮಿಷವೊಡ್ಡಿ ಹಿಡಿಯಲು ಯತ್ನಿಸುವುದೂ ಕಾನೂನಿನ ಕಣ್ಣಲ್ಲಿ ಬೇಟೆಯೇ.