ಗುಹೆಗಳಾಚೆಯ ಬಾದಾಮಿ

ರಜೆಗೆ ತಾಯ್ನಾಡಿಗೆ ಹೋಗುವ ಕನ್ನಡ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ಬಾದಾಮಿಯ ಪಾಲಿಗೆ ಬರುವುದು ಹೆಚ್ಚೆಂದರೆ ಎರಡು ಗಂಟೆ. ಹಂಪಿ ಮುಗಿಸಿ ಬಂದ ಕಾರು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿ ನಾಲ್ಕು ಗುಹೆ ನೋಡಿ, ಹದಿನೆಂಟು ಕೈಗಳ ನಟರಾಜನ ಎದುರು ಒಂದು ಫೋಟೋ ತೆಗೆಸಿಕೊಂಡು, ಮಂಗಗಳಿಂದ ನೀರಿನ ಬಾಟಲಿ ಉಳಿಸಿಕೊಂಡು ಕೆಳಗಿಳಿದರೆ ಬಾದಾಮಿ ಮುಗಿಯಿತು. ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಮಂಗ ಒಂದೇ. ಇದು ಬಾದಾಮಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಬಾಗಲಕೋಟೆ ಜಿಲ್ಲೆಯ ಈ ಪುಟ್ಟ ಊರಿನ ಸುತ್ತಲಿನ ಗುಡ್ಡ, ಕೊಳ್ಳ, ಹೊಳೆಗಳಲ್ಲಿ ಕನಿಷ್ಠ ಎರಡು ದಿನ ಕಾಲ್ನಡಿಗೆಯಲ್ಲಿ ತಿರುಗಬೇಕು. ಆಗ ಮಾತ್ರ ಚಾಲುಕ್ಯರು ಈ ಜಾಗವನ್ನೇ ಏಕೆ ಆರಿಸಿಕೊಂಡರು ಎಂಬುದು ಕಣ್ಣಿಗೆ ಕಾಣುತ್ತದೆ.

ಬಾದಾಮಿಯ ಹಳೆಯ ಹೆಸರು ವಾತಾಪಿ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟಕ್ಕೆ ಕೋಟೆ ಕಟ್ಟಿಸಿದನೆಂದು ಉತ್ತರದ ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಮುಂದೆ ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದ ಇಮ್ಮಡಿ ಪುಲಕೇಶಿ ಆಳಿದ್ದೂ ಇಲ್ಲಿಂದಲೇ. ಇದನ್ನೆಲ್ಲ ನಮ್ಮ ಹಿರಿಯರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಾರೆ. ಆದರೆ ಕೋಟೆಗೂ ಮೊದಲು ಕಲ್ಲು ಇತ್ತು.

ಆ ಕೆಂಪು ಕಲ್ಲು ಮರಳುಗಲ್ಲು. ಭೂವಿಜ್ಞಾನಿಗಳು ಇಲ್ಲಿನ ಪದರುಗಳನ್ನು ಕಲಾದಗಿ ಬೇಸಿನ್ನಿನ ಬಾದಾಮಿ ಸಮೂಹ ಎಂದು ಕರೆದು, ಒಳಗಿನ ಒಂದೊಂದು ಪದರಿಗೂ ಸುತ್ತಲಿನ ಹಳ್ಳಿಗಳ ಹೆಸರಿಟ್ಟಿದ್ದಾರೆ: ಕೆರೂರು, ಕೆಂದೂರು, ಹಲಕುರ್ಕಿ, ಕಟಗೇರಿ. ಒಂದು ಪದರಿಗಂತೂ ಗುಹಾಲಯಗಳ ಹೆಸರೇ ಸಿಕ್ಕಿದೆ. ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೂ ಎಷ್ಟೋ ಹಿಂದೆ, ಹೊಳೆಗಳು ಹೊತ್ತು ತಂದು ಸುರಿದ ಮರಳು ಪದರು ಪದರಾಗಿ ಕೂತು, ಜೋಳದ ರೊಟ್ಟಿಯ ಅಡಕಲಿನಂತೆ ಗಟ್ಟಿಯಾಯಿತು. ಗುಹೆಯ ಗೋಡೆಯ ಹತ್ತಿರ ಮುಖವಿಟ್ಟು ನೋಡಿದರೆ, ಕಂಬಗಳ ಮೇಲೆ, ಮೂರ್ತಿಗಳ ಮೈಮೇಲೆ ನಸುಗೆಂಪು, ಕಡುಗೆಂಪು, ಬಿಳಿ ಪಟ್ಟೆಗಳು ಹಾದುಹೋಗಿರುವುದು ಕಾಣುತ್ತದೆ. ಕೆಲವು ಕಡೆ ಗೆರೆಗಳು ಓರೆಯಾಗಿವೆ. ಅಂದು ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದನ್ನು ಬಲ್ಲವರು ಆ ಓರೆಯನ್ನು ನೋಡಿಯೇ ಹೇಳುತ್ತಾರೆ. ಅಮೆರಿಕದಲ್ಲಿರುವ ಎಷ್ಟೋ ಕನ್ನಡ ಮಕ್ಕಳು ಯೂಟಾದ ಝಯಾನ್‌ಗೆ ಹೋಗಿ ಅಲ್ಲಿನ ಕೆಂಪು ಬಂಡೆಗಳಲ್ಲಿ ಇಂಥದೇ ಓರೆಗೆರೆಗಳನ್ನು ನೋಡಿ ಬಂದಿರುತ್ತಾರೆ. ಅಲ್ಲಿಯದು ಗಾಳಿ ಗುಡ್ಡೆ ಹಾಕಿದ ಮರಳು, ಇಲ್ಲಿಯದು ಬಹುಪಾಲು ನೀರು ತಂದದ್ದು. ವಯಸ್ಸಿನಲ್ಲಂತೂ ಬಾದಾಮಿಯ ಕಲ್ಲು ಹಿರಿಯಜ್ಜ.

ಈ ಕಲ್ಲುಗಳ ಕತೆಯನ್ನು ಮೊದಲು ವಿವರವಾಗಿ ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಅವರ ವರದಿ ಪ್ರಕಟವಾದದ್ದು 1876ರಲ್ಲಿ. ಮಲಪ್ರಭೆಯ ಬಯಲಿನಲ್ಲಿ ಆದಿಮಾನವನ ಕಲ್ಲಿನ ಆಯುಧಗಳನ್ನು ಗುರುತಿಸಿದವರೂ ಅವರೇ.

ಊರಿನ ಪೂರ್ವಕ್ಕೆ ಎರಡು ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥ. ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಉತ್ತರದಲ್ಲಿ ಕೋಟೆ ಮತ್ತು ಶಿವಾಲಯಗಳು, ಆಚೆ ತುದಿಯಲ್ಲಿ ನೀರಿಗೆ ತಾಗಿಕೊಂಡೇ ಭೂತನಾಥನ ಗುಡಿ. ಕೆರೆಯ ಕತೆಯನ್ನು ಮನೆಮನೆಯ ಅಜ್ಜಿಯರು ಹೇಳುತ್ತಿದ್ದರು. ಇಲ್ವಲ, ವಾತಾಪಿ ಎಂಬ ಅಣ್ಣತಮ್ಮಂದಿರಾದ ರಕ್ಕಸರು. ತಮ್ಮ ಟಗರಾಗುತ್ತಿದ್ದ, ಅಣ್ಣ ಅದನ್ನು ಅಡಿಗೆ ಮಾಡಿ ಬಂದ ಅತಿಥಿಗೆ ಬಡಿಸುತ್ತಿದ್ದ. ಊಟ ಮುಗಿದ ಮೇಲೆ ಹೆಸರು ಹಿಡಿದು ಕರೆದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡು ವಾತಾಪಿಯನ್ನು ಅಲ್ಲೇ ಅರಗಿಸಿಕೊಂಡರು. ಅಣ್ಣ ಎಷ್ಟು ಕೂಗಿದರೂ ತಮ್ಮ ಬರಲಿಲ್ಲ. ಕೂಸುಗಳಿಗೆ ಹಾಲು ಕುಡಿಸಿ ಹೊಟ್ಟೆ ನೀವುವಾಗ ಇಂದಿಗೂ ಅಜ್ಜಿಯರು ವಾತಾಪಿಯನ್ನು ನೆನೆಯುವುದು ಇದೇ ಕಾರಣಕ್ಕೆ. ಕೆರೆಯ ಎರಡು ಬದಿಯ ಗುಡ್ಡಗಳೇ ಆ ಅಣ್ಣತಮ್ಮಂದಿರು ಎಂದು ಕೈ ಮಾಡಿ ತೋರಿಸುವವರೂ ಊರಲ್ಲಿದ್ದಾರೆ.

ರಾಜನ ಕಣ್ಣಿಗೆ ಬಿದ್ದದ್ದು ಬೇರೆ ಲೆಕ್ಕ. ಕಡಿದಾದ ಬಂಡೆಗಳು ತಾವೇ ಕೋಟೆಯ ಗೋಡೆಯಾಗಿದ್ದವು. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದು ಕಡಿಮೆ, ಹರಿದು ಕೆಳಗೆ ಬರುವುದೇ ಹೆಚ್ಚು. ಕಣಿವೆಯ ಬಾಯಿಗೆ ಒಂದು ಏರಿ ಹಾಕಿದರೆ ಕೆರೆ ಸಿದ್ಧ. ಮಳೆ ಕಡಿಮೆಯಿರುವ ಸೀಮೆಯಲ್ಲಿ ರಾಜಧಾನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟವಿತ್ತು. ಆ ಲೆಕ್ಕವನ್ನು ಮಳೆಗಾಲದಲ್ಲಿ ಪ್ರತ್ಯಕ್ಷ ನೋಡಬಹುದು. ಜೋರು ಮಳೆ ಸುರಿದಾಗ ಕೆರೆಯ ಮೇಲಿನ ಬಂಡೆಯಿಂದ ಎರಡು ಧಾರೆಗಳು ಅಕ್ಕಪಕ್ಕ ಧುಮುಕುತ್ತವೆ. ಅವೇ ಅಕ್ಕ-ತಂಗಿ ಜಲಪಾತ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಧಾರೆಗಳೂ ಸಣ್ಣಗಾಗುತ್ತವೆ. ಜೋಗ ನೋಡಿದವರಿಗೆ ಇದು ಸಣ್ಣದೆನಿಸಬಹುದು. ಆದರೆ ಒಣಗಿದ ಕೆಂಪು ಬಂಡೆ ಮಳೆಯ ಮೊದಲ ಹೊಡೆತಕ್ಕೇ ನೀರಾಗಿ ಇಳಿಯುವ ಚೆಂದ ಜೋಗದಲ್ಲೂ ಇಲ್ಲ.

ಕೆರೆಯ ಉತ್ತರ ದಂಡೆಯಿಂದ ಕೋಟೆಗೆ ಹತ್ತುವ ದಾರಿ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಎರಡು ಎತ್ತರದ ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೆಟ್ಟಿಲುಗಳು ಸಾಗುತ್ತವೆ, ಮೇಲೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಹತ್ತಿರದ ತಟ್ಟುಕೋಟಿ ಗುಡ್ಡದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರ ಆ ಶಾಸನದಲ್ಲಿರುವ ತ್ರಿಪದಿಗಳು ಈವರೆಗೆ ಸಿಕ್ಕಿರುವ ತ್ರಿಪದಿಗಳಲ್ಲೇ ಅತ್ಯಂತ ಹಳೆಯವು. ಅರಭಟ್ಟ ರಾಜನಲ್ಲ, ಒಬ್ಬ ವೀರ. ಅರಮನೆಗಳು ಅಳಿದವು, ಅವನ ಮೂರು ಸಾಲಿನ ಪದ್ಯಗಳು ಬಂಡೆಯಲ್ಲಿ ಉಳಿದವು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ, ಸರ್ವಜ್ಞ ಹೇಳಿದ್ದೂ ಇದೇ ಮೂರು ಸಾಲಿನ ಮಟ್ಟಿನಲ್ಲಿ. ಹೊರದೇಶದಲ್ಲಿ ಕನ್ನಡ ಶಾಲೆ ನಡೆಸುತ್ತಿರುವ ಗುರುಗಳು ಮಕ್ಕಳನ್ನು ಆ ಬಂಡೆಯೆದುರು ಒಮ್ಮೆ ನಿಲ್ಲಿಸಬೇಕು.

ದಕ್ಷಿಣದ ಗುಡ್ಡದ ಮೇಲೆ ಕುರುಚಲು ಕಾಡಿನಲ್ಲಿ ಮೂರು-ನಾಲ್ಕು ಕಿಲೋಮೀಟರು ನಡೆದರೆ ಸಿಡಿಲಫಡಿ. ಕಮಾನಿನಂತೆ ಬಾಗಿ ನಿಂತ ದೊಡ್ಡ ಬಂಡೆ, ಸಿಡಿಲು ಬಡಿದೇ ತೂತಾಯಿತೆಂದು ಜನ ಹೇಳುತ್ತಾರೆ. ಅದರ ಆಶ್ರಯದಲ್ಲಿ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳಿವೆ. ಚಾಲುಕ್ಯರಿಗೂ ಸಾವಿರಾರು ವರ್ಷ ಮೊದಲೇ ಇಲ್ಲಿ ಜನರಿದ್ದರು ಎಂಬುದಕ್ಕೆ ಇದು ಸಾಕ್ಷಿ. ದಾರಿ ಗುರುತಿಲ್ಲದ ಕಾಡು, ಊರಿನವರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ನಡೆಯಲಾಗದವರಿಗೆ ಕೆರೆದಂಡೆಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಅದರದೇ ಮಾದರಿ ಮಾಡಿಟ್ಟಿದ್ದಾರೆ.

ಈಚಿನ ವರ್ಷಗಳಲ್ಲಿ ಈ ಬಂಡೆಗಳಿಗೆ ಹೊಸ ಭಕ್ತರೂ ಬಂದಿದ್ದಾರೆ, ಬಂಡೆ ಏರುವ ಸಾಹಸಿಗರು. ಸ್ಮಾರಕಗಳಿಂದ ದೂರದ ಬಂಡೆಗಳಲ್ಲಿ ಬೋಲ್ಟ್ ಹೊಡೆದು ಏರುಹಾದಿಗಳನ್ನು ಮಾಡಿದ್ದಾರೆ. ಚಳಿಗಾಲದಲ್ಲಿ ಯುರೋಪಿನವರೂ ಹಗ್ಗ ಹೊತ್ತು ಇಲ್ಲಿಗೆ ಬರುತ್ತಾರೆ. ಪದರುಗಲ್ಲಿನ ಅಂಚುಗಳು ಬೆರಳಿಗೆ ಚೆನ್ನಾಗಿ ಸಿಗುತ್ತವೆ ಎಂಬುದು ಏರುವವರ ಮೆಚ್ಚುಗೆ. ಹೊರದೇಶದಲ್ಲಿ ಜಿಮ್ಮಿನ ಪ್ಲಾಸ್ಟಿಕ್ ಗೋಡೆ ಹತ್ತಿ ಅಭ್ಯಾಸವಿರುವ ಹುಡುಗ ಹುಡುಗಿಯರಿಗೆ ಅಜ್ಜನ ನಾಡಿನಲ್ಲಿ ನಿಜವಾದ ಬಂಡೆಯೇ ಕಾದಿದೆ.

ಎಲ್ಲಕ್ಕಿಂತ ಸೊಗಸಾದ ನಡಿಗೆ ಮಹಾಕೂಟದ್ದು. ರಸ್ತೆಯಲ್ಲಿ ಹೋದರೆ ಹದಿನಾಲ್ಕು ಕಿಲೋಮೀಟರು ಸುತ್ತು, ಗುಡ್ಡ ಹತ್ತಿ ಇಳಿದರೆ ಅರ್ಧಕ್ಕೂ ಕಡಿಮೆ. ಹಳೆಯ ಕಲ್ಲುಹಾಸಿನ ದಾರಿ, ಅಲ್ಲಲ್ಲಿ ಸೀತಾಫಲದ ಗಿಡ, ಎಲ್ಲೋ ಕೂಗುವ ನವಿಲು. ಕೊಳ್ಳಕ್ಕೆ ಇಳಿದ ಕೂಡಲೇ ಹವೆಯೇ ಬದಲಾಗುತ್ತದೆ. ದೊಡ್ಡ ಮರಗಳ ನೆರಳಲ್ಲಿ ಗುಡಿಗಳು, ನಡುವೆ ಬುಗ್ಗೆಯ ನೀರಿನಿಂದ ವರ್ಷವಿಡೀ ತುಂಬಿರುವ ಪುಷ್ಕರಿಣಿ. ಸುತ್ತಣ ಹಳ್ಳಿಗಳ ಹುಡುಗರು ಅದಕ್ಕೆ ಹಾರಿ ಈಜುತ್ತಾರೆ. ಚಾಲುಕ್ಯ ಮಂಗಳೇಶನ ಕಾಲದ ಪ್ರಸಿದ್ಧ ಶಾಸನಸ್ತಂಭ ಇಲ್ಲಿಯದೇ, ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಮತ್ತೊಂದು ದಿಕ್ಕಿಗೆ ಐದು ಕಿಲೋಮೀಟರು ಹೋದರೆ ಬನಶಂಕರಿ. ತಾಯಿ ಶಾಕಾಂಬರಿ, ಬರಗಾಲದಲ್ಲಿ ಸೊಪ್ಪು ತರಕಾರಿ ಕೊಟ್ಟು ಜನರನ್ನು ಕಾಪಾಡಿದವಳು. ಬನದ ಹುಣ್ಣಿಮೆಗೆ ತೇರು, ಅದಕ್ಕೂ ಮುಂಚೆ ನೂರೆಂಟು ಬಗೆಯ ತರಕಾರಿಯ ನೈವೇದ್ಯದ ಪಲ್ಯದ ಹಬ್ಬ. ತಿಂಗಳಿಡೀ ಜಾತ್ರೆ, ರಾತ್ರಿಯಿಡೀ ಕಂಪನಿ ನಾಟಕ. ಮನೆ ಕಟ್ಟಿಸುವವರು ಕಟ್ಟಿಗೆಯ ಬಾಗಿಲು ಚೌಕಟ್ಟು ಕೊಳ್ಳುವುದೂ ಇದೇ ಜಾತ್ರೆಯಲ್ಲಿ. ಗುಡಿಯ ಮುಂದಿನ ಹೊಂಡದ ದಂಡೆಯಲ್ಲಿ ಹಳ್ಳಿಯ ಹೆಂಗಸರು ಬುಟ್ಟಿ ಇಳಿಸಿಕೊಂಡು ಕೂತಿರುತ್ತಾರೆ. “ಬರ್ರಿ ಯಪ್ಪಾ, ರೊಟ್ಟಿ ಉಣ್ರಿ” ಎಂದು ಕರೆದು ಮುಂದೆ ಕೂರಿಸಿಕೊಂಡು, ಖಡಕ್ ರೊಟ್ಟಿಯ ಮೇಲೆ ಕಾಳುಪಲ್ಯ, ತುಂಬಗಾಯಿ ಬದನೆ, ಶೇಂಗಾ ಚಟ್ನಿ, ಕೆಂಪು ಖಾರ ಹಾಕುತ್ತಾರೆ. ಖಾರ ಹೆಚ್ಚಾಯಿತೆಂದು ಮಗುವಿನ ಕಣ್ಣು ತುಂಬಿದರೆ ಕೇಳದೆಯೇ ಒಂದಿಷ್ಟು ಗಟ್ಟಿ ಮೊಸರು ಬೀಳುತ್ತದೆ. ಯಾವ ಹೋಟೆಲಿನಲ್ಲೂ ಸಿಗದ ಉಪಚಾರ ಇದು. ಬಾದಾಮಿ ಸೀಮೆ ಬಿಟ್ಟು ದೂರ ಹೋದವರಿಗೆ ಗುಡಿಯ ಗೋಪುರಕ್ಕಿಂತ ಮೊದಲು ನೆನಪಾಗುವುದು ಈ ಬುಟ್ಟಿ.

ಪಟ್ಟದಕಲ್ಲಿಗೆ ಇಪ್ಪತ್ತೆರಡು ಕಿಲೋಮೀಟರು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಗುಡಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಪಕ್ಕದ ಮಲಪ್ರಭೆಯನ್ನು ಯಾರೂ ಗಮನಿಸುವುದಿಲ್ಲ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆ ಪಟ್ಟದಕಲ್ಲಿನ ಬಳಿ ಉತ್ತರಕ್ಕೆ ಹರಿಯುತ್ತದೆ, ಪುಣ್ಯಕ್ಷೇತ್ರವೆನಿಸಲು ಅದೂ ಒಂದು ಕಾರಣ. ಬೇಸಿಗೆಯಲ್ಲಿ ಬಡಕಲಾಗಿ ಕಾಣುವ ಇದೇ ಹೊಳೆ 2019ರ ಆಗಸ್ಟಿನಲ್ಲಿ ಉಕ್ಕಿ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಅಲ್ಲಿಂದ ಐಹೊಳೆಗೆ ಹೋಗುವ ದಾರಿಯಲ್ಲಿ ಸಿದ್ಧನಕೊಳ್ಳವಿದೆ. ಬಂಡೆಯ ಚಾಚಿನ ಕೆಳಗೆ ಗುಡಿ, ಮಳೆಗಾಲದಲ್ಲಿ ಪಕ್ಕದಲ್ಲೇ ಜಲಧಾರೆ. ಐಹೊಳೆಯ ಮೇಗುತಿ ಗುಡ್ಡ ಹತ್ತಿದವರು ರವಿಕೀರ್ತಿಯ 634ರ ಶಾಸನ ನೋಡಿ ಇಳಿದುಬಿಡುತ್ತಾರೆ. ಹಿಂಬದಿಗೆ ನಾಲ್ಕು ಹೆಜ್ಜೆ ಹೋದರೆ ಬೃಹತ್ ಶಿಲಾಯುಗದ ಕಲ್ಲುಮನೆಯಂಥ ಗೋರಿಗಳಿವೆ.

ಇಷ್ಟನ್ನೂ ನೋಡಲು ಹಣ ಬೇಕಾಗಿಲ್ಲ, ಬಿಡುವು ಬೇಕು. ಮುಂದಿನ ಸಲ ಊರಿಗೆ ಹೋಗುವವರು ಬಾದಾಮಿಯಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ನವೆಂಬರಿನಿಂದ ಫೆಬ್ರವರಿ ನಡಿಗೆಗೆ ಹದವಾದ ಕಾಲ, ಅಕ್ಕ-ತಂಗಿಯರನ್ನು ನೋಡಬೇಕಾದರೆ ಮಳೆಗಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಕಾಲಿಡಲಾಗುವುದಿಲ್ಲ. ಬನದ ಹುಣ್ಣಿಮೆ ಬಹುತೇಕ ಜನವರಿಯಲ್ಲೇ ಬರುವುದರಿಂದ ಚಳಿಗಾಲದ ರಜೆಗೆ ಹೋದವರಿಗೆ ಜಾತ್ರೆಯೂ ಸಿಗುತ್ತದೆ. ಹುಬ್ಬಳ್ಳಿಯ ವಿಮಾನ ನಿಲ್ದಾಣದಿಂದ ಸುಮಾರು ನೂರು ಕಿಲೋಮೀಟರು, ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲೇ ನಿಲ್ಲುತ್ತದೆ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.