ಒಕ್ಕಲೆಬ್ಬಿಸಬಾರದೆಂಬ ಕಾಯಿದೆ: ಸ್ಕಾಟ್ಲೆಂಡಿನ ಸಣ್ಣ ರೈತನಿಗೆ ಸರ್ಕಾರ ಕೊಟ್ಟದ್ದೇನು?

ನಿಮ್ಮ ಅಟ್ಲಾಸಿನಲ್ಲಿ ಬ್ರಿಟನ್ನಿನ ಪುಟವನ್ನು ತೆರೆದು ನೋಡಿ. ಉತ್ತರದ ಕಡೆ, ಪಶ್ಚಿಮದ ಅಂಚಿನಲ್ಲಿ, ಹರಿದ ಬಟ್ಟೆಯ ಸೆರಗಿನಂತೆ ಕಾಣುವ ಕರಾವಳಿಯೊಂದಿದೆ. ಅದರಾಚೆಗೆ ದ್ವೀಪಗಳು: ಸ್ಕೈ, ಲೂಯಿಸ್, ಹ್ಯಾರಿಸ್, ಯೂಯಿಸ್ಟ್. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂದು ಕರೆಯುವ ಈ ಸೀಮೆಯಲ್ಲಿ ಮಳೆ ಹೆಚ್ಚು, ಮಣ್ಣು ತೆಳು, ಬೇಸಿಗೆ ಗಿಡ್ಡ. ಇಂಥ ನೆಲದಲ್ಲಿ ಬೇಸಾಯವನ್ನು ಉಳಿಸಲು ಅಲ್ಲಿಯ ಸರ್ಕಾರಗಳು ಸುಮಾರು ನೂರ ನಲವತ್ತು ವರ್ಷಗಳಿಂದ ಪ್ರಯತ್ನಿಸುತ್ತ ಬಂದಿವೆ. ಆ ಪ್ರಯತ್ನದ ಕಥೆ ಕೇವಲ ಹಣದ ಕಥೆಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ.

ಸ್ಕಾಟ್ಲೆಂಡ್ ಸ್ವತಂತ್ರ ದೇಶವಲ್ಲ, ಯುನೈಟೆಡ್ ಕಿಂಗ್‌ಡಮ್ಮಿನ ಒಂದು ಅಂಗ. 1999ರಿಂದ ಅದಕ್ಕೆ ಎಡಿನ್‌ಬರೋದಲ್ಲಿ ತನ್ನದೇ ಶಾಸನಸಭೆಯಿದೆ. ರಕ್ಷಣೆ, ವಿದೇಶಾಂಗ ಮುಂತಾದವು ಲಂಡನ್ನಿನ ಕೈಯಲ್ಲಿ. ಕೃಷಿ, ಭೂಮಿ, ಗ್ರಾಮಾಭಿವೃದ್ಧಿ ಎಡಿನ್‌ಬರೋದ ಕೈಯಲ್ಲಿ. ನಮ್ಮಲ್ಲಿ ಕೃಷಿ ರಾಜ್ಯಪಟ್ಟಿಯ ವಿಷಯವೆಂದು ನೀವು ಪೌರನೀತಿಯಲ್ಲಿ ಓದಿದ್ದೀರಲ್ಲವೇ? ಹೆಚ್ಚುಕಡಿಮೆ ಅದೇ ರೀತಿ.

ಈಗ ಒಂದು ಪದವನ್ನು ಪರಿಚಯ ಮಾಡಿಕೊಳ್ಳಿ: ಕ್ರಾಫ್ಟ್. ಕ್ಷೌರದ ಅಂಗಡಿಯ ಕ್ರಾಫ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕೆಲವೇ ಎಕರೆಯ ಗೇಣಿ ಜಮೀನು, ಜೊತೆಗೆ ಊರ ಗೋಮಾಳದಲ್ಲಿ ಕುರಿ ದನ ಮೇಯಿಸುವ ಪಾಲು. ಇದನ್ನು ಸಾಗುವಳಿ ಮಾಡುವವನು ಕ್ರಾಫ್ಟರ್. ಇದು ಅನಾದಿ ಕಾಲದ ಪದ್ಧತಿ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಇದು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಜಮೀನ್ದಾರರೇ ಹೂಡಿದ ಏರ್ಪಾಡು. ಆಗ ಕಡಲಪಾಚಿಯನ್ನು ಸುಟ್ಟು ತೆಗೆಯುವ ಬೂದಿಗೆ ಸೋಪು ಮತ್ತು ಗಾಜಿನ ಕಾರ್ಖಾನೆಗಳಲ್ಲಿ ಒಳ್ಳೆಯ ಬೆಲೆಯಿತ್ತು. ಪಾಚಿ ಸುಡಲು ಕೂಲಿಗಳು ಬೇಕು. ಹೊಟ್ಟೆ ತುಂಬುವಷ್ಟು ಜಮೀನು ಕೊಟ್ಟರೆ ಯಾರೂ ಕೂಲಿಗೆ ಬರುವುದಿಲ್ಲ. ಆದ್ದರಿಂದ ಅರೆಹೊಟ್ಟೆಯಷ್ಟೇ ಕೊಟ್ಟರು. ಕ್ರಾಫ್ಟಿನ ಅಳತೆ ಚಿಕ್ಕದಾದದ್ದು ಹೀಗೆ, ಲೆಕ್ಕಾಚಾರದಿಂದ.

ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದ ಮೇಲೆ ಪಾಚಿಬೂದಿಯ ಬೆಲೆ ಕುಸಿಯಿತು. ಉಣ್ಣೆಗೆ ಮಾತ್ರ ಬೇಡಿಕೆಯಿತ್ತು. ಜನರಿಗಿಂತ ಕುರಿಯೇ ಲಾಭ ಎಂದು ಜಮೀನ್ದಾರರು ಕಂಡುಕೊಂಡರು. ಸದರ್‌ಲ್ಯಾಂಡ್ ಎಸ್ಟೇಟಿನಲ್ಲಿ ಈ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯ ಒಕ್ಕಲುಗಳನ್ನು ಎಬ್ಬಿಸಿ, ಮನೆಗಳ ಸೂರಿಗೆ ಬೆಂಕಿಯಿಟ್ಟರು. ಈ ಎಸ್ಟೇಟಿನ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್‌ನ ಮೇಲೆ 1816ರಲ್ಲಿ ವಿಚಾರಣೆ ನಡೆಯಿತು, ಅವನು ಖುಲಾಸೆಯಾದ. ಇನ್ನೊಂದು ಸಂಗತಿಯನ್ನು ಗಮನಿಸಿ. 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆಯ ಮೇಲೆ ಏರಿಬಂದ ಸೈನ್ಯದಲ್ಲಿ ಹೈಲ್ಯಾಂಡಿನ ಹೆಸರು ಹೊತ್ತ 73 ಮತ್ತು 74ನೆಯ ರೆಜಿಮೆಂಟುಗಳಿದ್ದವು. ಸಾಮ್ರಾಜ್ಯಕ್ಕೆ ಸಿಪಾಯಿಗಳನ್ನು ಒದಗಿಸಿದ ಕಣಿವೆಗಳಲ್ಲೇ ಉಳಿದವರ ಮನೆಗಳು ಬರಿದಾಗುತ್ತಿದ್ದವು. ಲೂಯಿಸ್ ದ್ವೀಪವನ್ನು 1844ರಲ್ಲಿ ಕೊಂಡ ಜೇಮ್ಸ್ ಮ್ಯಾಥಿಸನ್ ಎಂಬವನ ಐಶ್ವರ್ಯವಾದರೋ ಚೀನಾದ ವ್ಯಾಪಾರದ್ದು. ಅದರಲ್ಲಿ ಮುಖ್ಯವಾದ ಸರಕು ಭಾರತದಲ್ಲಿ ಬೆಳೆದ ಅಫೀಮು.

1846ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಬರಗಾಲ ಬಂತು. ಸಾವಿರಾರು ಮಂದಿ ಕೆನಡಾ, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿದರು. ಉಳಿದವರು 1880ರ ದಶಕದಲ್ಲಿ ತಿರುಗಿಬಿದ್ದರು. ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಗೋಮಾಳದ ಹಕ್ಕಿಗಾಗಿ ಗೇಣಿ ನಿಲ್ಲಿಸಿದರು. ಕೋರ್ಟಿನ ನೋಟೀಸನ್ನು ಸುಟ್ಟರು. 1882ರ ಏಪ್ರಿಲಿನಲ್ಲಿ ಗ್ಲಾಸ್ಗೋದಿಂದ ಸುಮಾರು ಐವತ್ತು ಮಂದಿ ಪೊಲೀಸರನ್ನು ಕರೆಸಬೇಕಾಯಿತು. ಅವರನ್ನು ಕಲ್ಲು ಹಿಡಿದು ಎದುರಿಸಿದವರಲ್ಲಿ ಹೆಂಗಸರು ಮುಂದಿದ್ದರು.

ಸರ್ಕಾರ 1883ರಲ್ಲಿ ತನಿಖಾ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್. ಈ ಹೆಸರನ್ನು ನೀವು ಕೇಳಿರಬಹುದು. ಚೆನ್ನೈನ ನೇಪಿಯರ್ ಸೇತುವೆ ಇವನದೇ. 1866ರಿಂದ 1872ರವರೆಗೆ ಇವನು ಮದರಾಸಿನ ಗವರ್ನರ್. ಅಂದರೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳ ಕಂದಾಯದ ಕಡತಗಳು ಇವನ ಆಡಳಿತದಲ್ಲೇ ಓಡಾಡಿದ್ದವು. ಆಯೋಗ ಮೊದಲು ಕುಳಿತದ್ದು ಅದೇ ಬ್ರೇಸ್‌ನಲ್ಲಿ. ಮೊದಲ ಸಾಕ್ಷಿ ಆಂಗಸ್ ಸ್ಟುವರ್ಟ್ ಎಂಬ ಕ್ರಾಫ್ಟರ್. ಅವನು ಗೇಲಿಕ್ ಭಾಷೆಯಲ್ಲಿ ಮೊಟ್ಟಮೊದಲು ಕೇಳಿದ್ದೇನು ಗೊತ್ತೇ? ಸತ್ಯ ಹೇಳಿದ್ದಕ್ಕಾಗಿ ತನ್ನನ್ನು ಒಕ್ಕಲೆಬ್ಬಿಸುವುದಿಲ್ಲ ಎಂಬ ಭರವಸೆ. ರಾಣಿಯ ಹೆಸರಿನಲ್ಲಿ ಬಂದು ಕುಳಿತ ಆಯೋಗಕ್ಕೆ ಅಂಥ ಭರವಸೆ ಕೊಡುವ ಅಧಿಕಾರವೇ ಇರಲಿಲ್ಲ! ಅದು ಜಮೀನ್ದಾರನ ಪಾರುಪತ್ಯಗಾರನ ಬಾಯಿಂದಲೇ ಬರಬೇಕಾಯಿತು.

ಈ ಒಂದು ಪ್ರಸಂಗ ಹೈಲ್ಯಾಂಡಿನ ರೈತನಿಗೆ ಬೇಕಾಗಿದ್ದುದು ಏನೆಂಬುದನ್ನು ದಪ್ಪ ದಪ್ಪ ವರದಿಗಳಿಗಿಂತ ಚೆನ್ನಾಗಿ ಹೇಳುತ್ತದೆ. ಬಿತ್ತನೆಬೀಜವಲ್ಲ, ಸಾಲವಲ್ಲ, ನಾಳೆಯೂ ಇದೇ ಮನೆಯಲ್ಲಿರುತ್ತೇನೆಂಬ ಧೈರ್ಯ.

ನೇಪಿಯರ್ ತನ್ನ ವರದಿಯಲ್ಲಿ ಇಡೀ ಹಳ್ಳಿಯನ್ನು ಒಂದು ಘಟಕವೆಂದು ಮಾನ್ಯ ಮಾಡಬೇಕೆಂದ. ಅವನ ಭಾರತದ ಅನುಭವ ಇದರ ಹಿಂದೆ ಇದ್ದಿರಬಹುದೆಂದು ಊಹಿಸುವುದು ಸಹಜ. ಸರ್ಕಾರ ಆ ದಾರಿ ಹಿಡಿಯದೆ, ಐರ್ಲೆಂಡಿನ 1881ರ ಕಾಯಿದೆಯ ಮಾದರಿಯಲ್ಲಿ ಒಬ್ಬೊಬ್ಬ ಒಕ್ಕಲಿಗೂ ಹಕ್ಕು ಕೊಟ್ಟಿತು. ಇದೇ 1886ರ ಕ್ರಾಫ್ಟರ್ಸ್ ಕಾಯಿದೆ. ಗೇಣಿ ಸಲ್ಲಿಸುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ನ್ಯಾಯವಾದ ಗೇಣಿಯನ್ನು ಆಯೋಗ ಗೊತ್ತುಪಡಿಸುತ್ತದೆ. ಹಕ್ಕು ಮಕ್ಕಳಿಗೆ ಇಳಿಯುತ್ತದೆ. ಬಿಟ್ಟುಹೋಗುವವನು ಕಟ್ಟಿದ ಮನೆಗೆ, ತೋಡಿದ ಕಾಲುವೆಗೆ ಪರಿಹಾರ. ಕರಾವಳಿಯ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾದೀತು. ಚಾಲಗೇಣಿಯವನು ಒಡೆಯನ ಮರ್ಜಿಯ ಮೇಲೆ ಬದುಕುವವನು, ಮೂಲಗೇಣಿಯವನು ತಲೆಮಾರುಗಳವರೆಗೆ ನಿಂತವನು. ಕ್ರಾಫ್ಟರನು ಚಾಲಗೇಣಿಯಿಂದ ಮೂಲಗೇಣಿಯ ಕಡೆಗೆ ಒಮ್ಮೆಲೇ ಹಾರಿದನೆನ್ನಬಹುದು. ಗೇಣಿಯ ಮೊತ್ತ ಮಾತ್ರ ಶಾಶ್ವತವಾಗಿ ನಿಗದಿಯಾಗಿರಲಿಲ್ಲ. ಹೊಸ ಆಯೋಗ ಊರೂರು ಸುತ್ತಿ ಗೇಣಿ ಇಳಿಸಿತು, ಹಳೆಯ ಬಾಕಿಯ ಬಹುಭಾಗವನ್ನು ವಜಾ ಮಾಡಿತು.

ಆದರೆ ಆ ಕಾಯಿದೆಯಿಂದ ಹೊಸ ಜಮೀನು ದೊರೆತದ್ದು ಬಹಳ ಕಡಿಮೆ. ಜಮೀನೇ ಇಲ್ಲದ, ಕಾಟರ್ ಎಂಬ ಬಡವರಿಗೆ ಅದರಿಂದ ಜಮೀನು ದೊರೆಯಲಿಲ್ಲ. ಅರೆಹೊಟ್ಟೆಯ ಅಳತೆಗೆಂದೇ ಮಾಡಿದ ಕ್ರಾಫ್ಟು ಭದ್ರವಾಯಿತೇ ಹೊರತು ದೊಡ್ಡದಾಗಲಿಲ್ಲ. ಈ ಕೊರತೆ ತುಂಬಲು 1897ರಲ್ಲಿ ಒಂದು ಮಂಡಳಿ ಬಂತು. ರಸ್ತೆ, ಹಡಗುಕಟ್ಟೆಗಳನ್ನು ಮಾಡಿಸಿತು, ಅಲ್ಲಲ್ಲಿ ಎಸ್ಟೇಟು ಕೊಂಡು ಹಂಚಿತು. ಅದೂ ಜನ ದುಡುಕಿದ ಮೇಲೆ. ವಾಟರ್ಸೇ ಎಂಬ ದ್ವೀಪಕ್ಕೆ ನುಗ್ಗಿ ಗುಡಿಸಲು ಹಾಕಿದ ಹತ್ತು ಮಂದಿ 1908ರಲ್ಲಿ ಜೈಲಿಗೆ ಹೋದರು. ಮರುವರ್ಷವೇ ಮಂಡಳಿ ಆ ದ್ವೀಪವನ್ನು ಕೊಂಡಿತು.

ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳನ್ನು ಬೇಗ ದಾಟೋಣ. ಎರಡನೆಯ ಮಹಾಯುದ್ಧದ ನಂತರ ಬೆಟ್ಟದ ಬೇಸಾಯಕ್ಕೆ ಸಹಾಯಧನ ಬಂತು. 1955ರಲ್ಲಿ ಹೊಸ ಕ್ರಾಫ್ಟರ್ಸ್ ಆಯೋಗ ರಚನೆಯಾಯಿತು. 1965ರಲ್ಲಿ ಇನ್ವರ್ನೆಸ್ ಪಟ್ಟಣದಲ್ಲಿ ಹೈಲ್ಯಾಂಡ್ಸ್ ಮತ್ತು ದ್ವೀಪಗಳ ಅಭಿವೃದ್ಧಿ ಮಂಡಳಿ ತಲೆಯೆತ್ತಿತು. ಮೀನುಗಾರನಿಗೆ ದೋಣಿ, ಹೋಟೆಲಿಗೆ ಸಾಲ, ಸಣ್ಣ ಉದ್ದಿಮೆಗೆ ನೆರವು ಇವು ಅದರ ಒಳ್ಳೆಯ ಕೆಲಸಗಳು. ದೊಡ್ಡ ಕಾರ್ಖಾನೆಗಳ ಮೋಹವೂ ಆ ಕಾಲಕ್ಕಿತ್ತು. ಇನ್ವರ್‌ಗಾರ್ಡನ್ನಿನ ಅಲ್ಯೂಮಿನಿಯಂ ಕಾರ್ಖಾನೆ 1971ರಲ್ಲಿ ಆರಂಭವಾಗಿ 1981ರಲ್ಲಿ ಬಾಗಿಲು ಹಾಕಿತು. ಹಣ ಖರ್ಚಾಗದ ನೆರವೂ ಉಂಟು. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಯನ್ನು ಹೊರ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯ ಮಗ್ಗದಲ್ಲೇ ನೇಯಬೇಕು, ಇಲ್ಲವಾದರೆ ಆ ಹೆಸರು ಬಳಸುವಂತಿಲ್ಲ ಎಂದು 1993ರ ಕಾಯಿದೆ ವಿಧಿಸಿತು. ಮಗ್ಗಕ್ಕೆ ಸಹಾಯಧನ ಕೊಡುವುದಕ್ಕಿಂತ ಇದು ಜಾಣತನದ ಕೆಲಸವೆಂದು ನನ್ನ ಅಭಿಪ್ರಾಯ.

1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ಮೇಲೆ ನೆರವಿನ ದೊಡ್ಡ ಹೊಳೆ ಬ್ರಸೆಲ್ಸಿನಿಂದ ಹರಿಯತೊಡಗಿತು. ಕುರಿಯ ತಲೆಗೆ ಇಷ್ಟು ಎಂದು ಕೊಟ್ಟಾಗ ಜನ ಕುರಿ ಹೆಚ್ಚಿಸಿದರು, ಬೆಟ್ಟದ ಹುಲ್ಲು ಸವೆಯಿತು. 2005ರಿಂದ ಹಿಂದೆ ಯಾರು ಎಷ್ಟು ಪಡೆದಿದ್ದರೋ ಅದರ ಆಧಾರದ ಮೇಲೆ ಕೊಟ್ಟಾಗ, ಪಶ್ಚಿಮದ ಬೆಟ್ಟಗಳಲ್ಲಿ ಕುರಿಯ ಸಂಖ್ಯೆ ಇಳಿಯಿತು. ಬೇಸಾಯ ಬಿಟ್ಟು ಮನೆಯಲ್ಲಿ ಕುಳಿತವರಿಗೂ ಹಣ ಹೋಯಿತು. ಅವರಿಗೆ ‘ಚಪ್ಪಲಿ ರೈತರು’ ಎಂಬ ಅಡ್ಡಹೆಸರೇ ಬಂತು. 2015ರಿಂದ ಹೆಕ್ಟೇರಿನ ಲೆಕ್ಕ. ಎಡಿನ್‌ಬರೋ ಸರ್ಕಾರ ನೆಲವನ್ನು ಮೂರು ವಲಯ ಮಾಡಿ, ಬರಡು ಬೆಟ್ಟಕ್ಕೆ ಕಡಿಮೆ ದರ ಕಟ್ಟಿತು, ನಿಜ. ಆದರೂ ಹೆಕ್ಟೇರಿನ ಲೆಕ್ಕದಲ್ಲಿ ಹೆಚ್ಚು ನೆಲ ಇದ್ದವನಿಗೇ ಹೆಚ್ಚು ಹಣ ಅಲ್ಲವೇ? ಮೂರು ಹೆಕ್ಟೇರಿಗಿಂತ ಕಡಿಮೆ ಇದ್ದವನು ಅರ್ಜಿ ಹಾಕುವಂತೆಯೇ ಇರಲಿಲ್ಲ. ಯಾರ ಹೆಸರಿನಲ್ಲಿ ಈ ನೆರವಿನ ಪರಂಪರೆ ಹುಟ್ಟಿತೋ ಆ ಪುಟ್ಟ ಕ್ರಾಫ್ಟರನೇ ಬಾಗಿಲ ಹೊರಗೆ ಉಳಿದ.

ಭೂಮಿಯ ದಾರಿಯಲ್ಲಿ ಮಾತ್ರ ಬೇರೊಂದು ಬಗೆಯ ಕೆಲಸ ನಡೆಯಿತು. 1976ರಲ್ಲಿ ಕ್ರಾಫ್ಟರನಿಗೆ ವರ್ಷದ ಗೇಣಿಯ ಹದಿನೈದು ಪಟ್ಟು ಕೊಟ್ಟು ತನ್ನ ಜಮೀನನ್ನು ಕೊಳ್ಳುವ ಹಕ್ಕು ದೊರೆಯಿತು. ಅನೇಕರು ಕೊಳ್ಳಲಿಲ್ಲ, ಗೇಣಿ ಕಡಿಮೆ, ಭದ್ರತೆ ಕೈಯಲ್ಲೇ ಇತ್ತು. ಆದರೆ ಆಸಿಂಟ್ ಎಂಬಲ್ಲಿ ಆ ಹಕ್ಕು ಆಯುಧವಾಯಿತು. ಎಸ್ಟೇಟನ್ನು ಕೊಂಡಿದ್ದ ವಿದೇಶಿ ಕಂಪನಿ ದಿವಾಳಿಯಾಗಿ, ನೆಲವನ್ನು ತುಂಡು ತುಂಡಾಗಿ ಮಾರಲು ಹೊರಟಾಗ, ನಾವು ಒಬ್ಬೊಬ್ಬರೇ ನಮ್ಮ ಪಾಲನ್ನು ಕಾಯಿದೆಯ ಬೆಲೆಗೇ ಕೊಂಡುಬಿಡುತ್ತೇವೆ ಎಂದು ಕ್ರಾಫ್ಟರುಗಳು ಎಚ್ಚರಿಸಿದರು. ಹಾಗಾದರೆ ಉಳಿದ ಎಸ್ಟೇಟನ್ನು ಯಾರು ಕೊಂಡಾರು? 1993ರಲ್ಲಿ ಸುಮಾರು 21,000 ಎಕರೆ 3 ಲಕ್ಷ ಪೌಂಡಿಗೆ ಅವರ ಸಂಘದ ಕೈಸೇರಿತು. ಎಡಿನ್‌ಬರೋದ ಹೊಸ ಶಾಸನಸಭೆ 2003ರಲ್ಲಿ ಇದನ್ನೇ ಕಾನೂನಾಗಿಸಿತು: ಕ್ರಾಫ್ಟರ್ ಸಮುದಾಯ ಕೊಳ್ಳಬಯಸಿದರೆ, ಸರ್ಕಾರ ಒಪ್ಪಿದರೆ, ಮಾರಲೊಲ್ಲೆನೆಂದು ಒಡೆಯ ಹೇಳುವಂತಿಲ್ಲ. ಹಳೆಯ ಊಳಿಗಮಾನ್ಯ ಭೂಹಿಡುವಳಿ 2004ರ ನವೆಂಬರಿನಲ್ಲಿ ಕೊನೆಗೊಂಡಿತು.

2020ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ತೊರೆದ ಮೇಲೆ ಸಹಾಯಧನದ ನಿಯಮವನ್ನು ಎಡಿನ್‌ಬರೋ ತಾನೇ ಬರೆಯಬೇಕಾಯಿತು. ಹಣ ಮಾತ್ರ ಲಂಡನ್ನಿನ ಬೊಕ್ಕಸದಿಂದ ಬರಬೇಕು. 2024ರ ಕೃಷಿ ಮತ್ತು ಗ್ರಾಮೀಣ ಸಮುದಾಯಗಳ ಕಾಯಿದೆ ಈ ಹೊಸ ವ್ಯವಸ್ಥೆಯ ಚೌಕಟ್ಟು. ಚಿಕ್ಕ ಹಿಡುವಳಿಗಳಿಗೆ ಮೊದಲ ಹೆಕ್ಟೇರುಗಳಿಗೆ ಹೆಚ್ಚು ದರ ಕೊಡಬೇಕೆಂಬ ವಾದ ಅಲ್ಲಿ ಬಹಳ ಕೇಳಿಬಂದಿದೆ.

ಈಗ ಹೈಲ್ಯಾಂಡಿನಲ್ಲಿ 20,000ಕ್ಕೂ ಹೆಚ್ಚು ಕ್ರಾಫ್ಟುಗಳಿವೆ. 1886ರ ಭದ್ರತೆ ಹಾಗೆಯೇ ಇದೆ. ಆದರೆ ಆ ಭದ್ರತೆಗೇ ಈಗ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಸಮುದ್ರ ಕಾಣುವ ಗೇಣಿಹಕ್ಕನ್ನು ರಜೆಯ ಮನೆಗಾಗಿ ಹೊರಗಿನವರು ಕೊಳ್ಳುತ್ತಾರೆ. ಅದೇ ಊರಿನಲ್ಲಿ ಹುಟ್ಟಿದ ಹುಡುಗನಿಗೆ ಅದು ಎಟುಕುವುದಿಲ್ಲ. ಅಂದು ಜಮೀನ್ದಾರನ ವಿರುದ್ಧ ಕಾಯ್ದ ಕಾಯಿದೆಯೇ ಇಂದು ಕ್ರಾಫ್ಟರನತ್ತ ತಿರುಗಿದೆ. ಅವನು ತನ್ನ ಕ್ರಾಫ್ಟಿನಿಂದ 32 ಕಿಲೋಮೀಟರಿನ ಒಳಗೆ ವಾಸಿಸಬೇಕು, ನೆಲವನ್ನು ಪಾಳು ಬಿಡಬಾರದು. 2012ರಿಂದ ಬಹುಪಾಲು ಸದಸ್ಯರನ್ನು ಕ್ರಾಫ್ಟರುಗಳೇ ಚುನಾಯಿಸುವ ಆಯೋಗವು ಅವನಿಗೆ ಪ್ರತಿವರ್ಷ ಒಂದು ನಮೂನೆಯನ್ನು ಕಳುಹಿಸಿ ಕೇಳುತ್ತದೆ: ನೀವು ಅಲ್ಲಿಯೇ ಇದ್ದೀರಾ? ನೆಲವನ್ನು ಉಳುತ್ತಿದ್ದೀರಾ?