ಕ್ಯಾಸಲ್‌ರಾಕ್‌ನ ಆಗಸ್ಟ್ 15

ನಮ್ಮ ಹೈಸ್ಕೂಲಿನ ದಿನಗಳಲ್ಲಿ ಆಗಸ್ಟ್ 15 ಅಂದರೆ ಮಳೆ. ಒದ್ದೆ ಮೈದಾನ, ಒದ್ದೆ ಸಮವಸ್ತ್ರ, ಪ್ರಭಾತಫೇರಿ, ಕೊನೆಗೆ ಕೈಗೆ ಬೀಳುವ ಪೆಪ್ಪರ್‌ಮಿಂಟು. ನಾನೂ ಎರಡು ಸಲ ಭಾಷಣ ಬಾಯಿಪಾಠ ಮಾಡಿ ಒಪ್ಪಿಸಿದ್ದೇನೆ. ಎರಡರಲ್ಲೂ ದಿಲ್ಲಿಯ ಕೆಂಪುಕೋಟೆ ಇತ್ತು. (1947ರಲ್ಲಿ ನೆಹರೂ ಅಲ್ಲಿ ಧ್ವಜ ಹಾರಿಸಿದ್ದು ಮರುದಿನ, 16ರಂದು ಎಂಬುದು ಆಗ ನನಗೆ ತಿಳಿದಿರಲಿಲ್ಲ.) ನಮ್ಮ ಜಿಲ್ಲೆಯ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಆ ಬಾಕಿ ತೀರಿಸೋಣ ಅನ್ನಿಸಿತು.

ನಮ್ಮ ಸೀಮೆಯಲ್ಲಿ ಈ ತಾರೀಖಿಗೆ 1947ಕ್ಕಿಂತ ಹಳೆಯ ನೆನಪೊಂದಿದೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು ಎನ್ನುತ್ತಾರೆ. ಬ್ರಿಟಿಷರು ಅವನನ್ನು ನೇಣಿಗೇರಿಸಿದ ನಂದಗಡ, ಹಳಿಯಾಳಕ್ಕೆ ತಾಗಿದ ಖಾನಾಪುರ ತಾಲೂಕಿನಲ್ಲಿದೆ. ಅದು 1831ರ ಜನವರಿ 26. ಅವನ ದಂಡಿನಲ್ಲಿದ್ದ ಸಿದ್ದಿ ವೀರ ಗಜವೀರನನ್ನು ನಮ್ಮ ಕಡೆಯ ಜನ ಈಗಲೂ ನೆನೆಯುತ್ತಾರೆ.

1947ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ ನೇರ ಆಡಳಿತವಿದ್ದುದರಿಂದ ಹಳಿಯಾಳ, ಮುಂಡಗೋಡ, ಸೂಪಾಗಳಿಗೆ ಸ್ವಾತಂತ್ರ್ಯ ಅಂದೇ ಬಂತು. ನಿಜಾಮನ ಕೈಕೆಳಗಿದ್ದ ಕಲಬುರಗಿ, ಬೀದರ, ರಾಯಚೂರಿನವರು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಆದರೆ ನಮ್ಮ ಪಶ್ಚಿಮದ ಅಂಚಿನಲ್ಲಿ, ಇಂದಿನ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಲ್ಲಿ, ಸ್ವಾತಂತ್ರ್ಯ ಬಂದು ನಿಂತುಬಿಟ್ಟಿತು. ಅದರಾಚೆ ಪೋರ್ಚುಗೀಸರ ಗೋವೆ.

ಇಲ್ಲಿಂದ ಘಟ್ಟ ಇಳಿದು ಮುರಗಾಂವ ಬಂದರಿಗೆ ಹೋಗುವ ಮೀಟರ್‌ಗೇಜ್ ರೈಲು ಶುರುವಾದದ್ದು 1888ರಲ್ಲಿ. ಕುಳೆಂವರೆಗಿನ ಸುಮಾರು 26 ಕಿಲೋಮೀಟರಿನಲ್ಲಿ ಸುರಂಗದ ಮೇಲೆ ಸುರಂಗ, ನಡುವೆ ದೂಧಸಾಗರ. ಏರು 37 ಅಡಿಗೆ ಒಂದಡಿ. ಈಗಲೂ ಘಟ್ಟದಲ್ಲಿ ಗಾಡಿಗೆ ಹೆಚ್ಚುವರಿ ಇಂಜಿನ್ ಬೇಕು. ಆ ಕಾಲದಲ್ಲಿ ನಮ್ಮ ಕಡೆಯ ಸುಂಕದ ತಪಾಸಣೆ ಕ್ಯಾಸಲ್‌ರಾಕ್‌ನಲ್ಲಿ, ಅವರದು ಕುಳೆಂನಲ್ಲಿ. ಒಂದೇ ಹಳಿಯ ಎರಡು ತುದಿಯಲ್ಲಿ ಎರಡು ದೇಶ! ಕಾಡು ಒಂದೇ, ಕುಣಬಿ ಜನ ಗಡಿಯ ಎರಡೂ ಕಡೆ.

1955ರ ಆಗಸ್ಟ್ 15ರಂದು ಭಾರತದ ಬೇರೆ ಬೇರೆ ಕಡೆಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಹಲವು ಕಡೆ ಗೋವೆಯ ಗಡಿ ದಾಟಲು ಹೊರಟರು. ಕೈಯಲ್ಲಿ ಆಯುಧವಿರಲಿಲ್ಲ, ತ್ರಿವರ್ಣ ಧ್ವಜವಿತ್ತು. ಒಂದು ತಂಡ ಕ್ಯಾಸಲ್‌ರಾಕ್‌ನಿಂದ ರೈಲು ಹಳಿ ಹಿಡಿದು ನಡೆಯಿತು. ಪೋರ್ಚುಗೀಸರು ಗುಂಡು ಹಾರಿಸಿದರು. ಅಂದು ಗಡಿಯುದ್ದಕ್ಕೂ ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಸ್ವತಂತ್ರ ಭಾರತದ ಎಂಟನೆಯ ವರ್ಷದ ಹಬ್ಬದಂದು, ನಮ್ಮ ಪಕ್ಕದಲ್ಲೇ, ಧ್ವಜ ಹಿಡಿದದ್ದಕ್ಕೆ ಪ್ರಾಣ ಹೋಗುತ್ತಿತ್ತು. ನನ್ನ ಬಾಯಿಪಾಠದ ಭಾಷಣದಲ್ಲಿ ಇದು ಇರಬೇಕಿತ್ತು.

ಆಮೇಲೆ ಭಾರತ ಗಡಿ ಮುಚ್ಚಿತು, ರೈಲೂ ನಿಂತಿತು. ಆಚೆಯಲ್ಲಿ ಮಗಳನ್ನು ಕೊಟ್ಟವರು, ತರಕಾರಿ ಮಾರಲು ಇಳಿಯುತ್ತಿದ್ದವರು ಏನು ಮಾಡಿದರೋ ಎಂದು ಯೋಚಿಸುತ್ತೇನೆ. ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ಅಷ್ಟರಲ್ಲಿ ನಾವು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಲೆಕ್ಕ ಹಾಕುವ ಚಟ ನನ್ನದು: 1947ರ ಆಗಸ್ಟ್ 15ರಿಂದ ಅಲ್ಲಿಗೆ 5240 ದಿನ.

ಇನ್ನೊಂದು ಸಣ್ಣ ಸಂಗತಿ. ಪಿನ್‌ಕೋಡ್ ಜಾರಿಗೆ ಬಂದದ್ದೂ ಇದೇ ತಾರೀಖು, 1972ರಲ್ಲಿ. ದಾಂಡೇಲಿ 581325, ಹಳಿಯಾಳ 581329, ಮುಂಡಗೋಡ 581349, ಜೋಯಿಡಾ 581186. ಬೆಂಗಳೂರಿನಲ್ಲಿ ಅರ್ಜಿ ತುಂಬುವಾಗ ಕಾಯಂ ವಿಳಾಸಕ್ಕೆ 581 ಎಂದು ಬರೆದರೆ ಊರು ಕಣ್ಣಮುಂದೆ ಬರುತ್ತದೆ.

1955ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಚೆ ಈಚೆ ಇರಬೇಕು. ಗಡಿ ಮುಚ್ಚಿದ ಆ ವರ್ಷಗಳನ್ನು ಕಂಡ ಅಜ್ಜ, ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಶಾಲೆಗೆ ಕೊಡಿ. ಕೊಂಕಣಿಯಲ್ಲಿರಲಿ, ಮರಾಠಿಯಲ್ಲಿರಲಿ, ಬರೆದಿಡುವ ಕೆಲಸಕ್ಕೆ ನಾನು ಬರುತ್ತೇನೆ.